ತಾಳ ಯಾಕೆ ಮುಂದೆ ಓಡಿತು

ಒಲೆಗೆ ಇನ್ನೊಂದು ಕುಂಟೆ ಇಡಿ. ಈ ಮಳೆ ಈಗ ನಿಲ್ಲುವುದಿಲ್ಲ, ಕರೆಂಟೂ ಬರುವುದಿಲ್ಲ. ಇಂಥದೇ ಮಳೆಯಲ್ಲಿ, 2006ರ ಆಷಾಢದಲ್ಲಿ, ಅಪ್ಪಯ್ಯನ ಒಂದು ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು ಹೋಗಿ ಹದಿನೈದು ದಿನ ಪಟ್ಟ ಪಾಡನ್ನು ಹೇಳುತ್ತೇನೆ.

ಕ್ಯಾಸೆಟ್ಟು 1984ರದ್ದು. ನಮ್ಮ ಜಗಲಿಯಲ್ಲೇ ನಡೆದ ತಾಳಮದ್ದಲೆ, ಕರ್ಣಪರ್ವ. ಹಾಡಿದ ಭಾಗವತರು ತೀರಿಕೊಂಡು ಆಗಲೇ ಹನ್ನೆರಡು ವರ್ಷವಾಗಿತ್ತು. ನಮಗೆ ಉಳಿದಿದ್ದ ಅವರ ದನಿಯೆಂದರೆ ಆ ತೊಂಬತ್ತು ನಿಮಿಷದ ಟೇಪು ಒಂದೇ. ಮಲೆನಾಡಿನ ಥಂಡಿಗೆ ಟೇಪು ಹಾಳಾಗತೊಡಗಿತ್ತು. ಹಾಕಿದಾಗಲೆಲ್ಲ ಹೆಡ್ಡಿಗೆ ಕಂದು ಪುಡಿ ಮೆತ್ತಿಕೊಳ್ಳುತ್ತಿತ್ತು. ಆ ಪುಡಿಯಲ್ಲೇ ಅಲ್ಲವೇ ದನಿ ಇರುವುದು? ಕೇಳಿದಷ್ಟೂ ಭಾಗವತರು ಉದುರಿ ಹೋಗುತ್ತಿದ್ದರು.

ಮೊದಲ ದಿನ ಒಂದು ಮಗ್ಗುಲು ಇಳಿಸಿ, ಅಪ್ಪಯ್ಯನನ್ನು ಕೂರಿಸಿ ಕೇಳಿಸಿದೆ. ಎರಡು ಸೆಕೆಂಡಿಗೊಮ್ಮೆ ಚಟ್, ಚಟ್. ನಡುನಡುವೆ ದನಿ ಬಿಕ್ಕಳಿಸಿದ ಹಾಗೆ ತಡವರಿಸುತ್ತಿತ್ತು. ಹಳೇ ಟೇಪು, ಇಷ್ಟಾದರೂ ಸಿಕ್ಕಿತಲ್ಲ ಅಂದೆ. ಅಪ್ಪಯ್ಯ ಮೊಣಕಾಲ ಮೇಲೆ ತಾಳ ಹಾಕುತ್ತಿದ್ದವರು ಕೈ ನಿಲ್ಲಿಸಿದರು.

"ಟೇಪು ಸವೆದರೆ ದನಿ ಮಂಕಾಗುತ್ತೆ ಮಾಣಿ. ತಾಳ ಯಾಕೆ ಮುಂದೆ ಓಡುತ್ತೆ?"

ನಾನು ಆ ಮಾತನ್ನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ಹತ್ತು ದಿನ ಉಳಿಯುತ್ತಿತ್ತು. ಸ್ಪಿರಿಟ್ಟು ಹಚ್ಚಿ ಹೆಡ್ಡು ಒರೆಸಿದೆ. ಟೇಪ್‌ರೆಕಾರ್ಡರಿಗೇ ಹೆಡ್‌ಫೋನು ಸಿಕ್ಕಿಸಿ ಕೇಳಿದೆ, ಅಲ್ಲಿ ಚಟ್ ಇರಲಿಲ್ಲ. ಪೇಟೆಗೆ ಹೋಗಿ ಹೊಸ ಸೌಂಡ್ ಕಾರ್ಡ್ ತಂದೆ, ಸ್ಲಾಟು ಬದಲಿಸಿ ನೋಡಿದೆ, ಆಂಟಿವೈರಸ್ ನಿಲ್ಲಿಸಿದೆ. ಬಫರು ದೊಡ್ಡದು ಮಾಡಿದಾಗ ಚಟ್ ವಿರಳವಾಯಿತು, ಹೋಗಲಿಲ್ಲ.

ಒಂದು ರಾತ್ರಿ ಮಲಗಿದಾಗ ಅಪ್ಪಯ್ಯನ ಪ್ರಶ್ನೆ ಮತ್ತೆ ಬಂತು. ತಾಳ ಮುಂದೆ ಓಡಬೇಕಾದರೆ ನಡುವೆ ಏನೋ ಬಿಟ್ಟುಹೋಗಿರಬೇಕು. ನನ್ನ ಕಿವಿಗೆ ಬೀಳುತ್ತಿದ್ದ ಚಟ್ ಹೊರಗಿನಿಂದ ಬಂದು ಸೇರಿದ ಸದ್ದಲ್ಲ, ಕತ್ತರಿಸಿ ಅಂಟಿಸಿದ ಜಾಗದ ಹೊಲಿಗೆ!

ಅದನ್ನು ಹಿಡಿಯುವುದು ಹೇಗೆ? ಮದ್ದಲೆಯ ಪೆಟ್ಟುಗಳ ನಡುವೆ ಹೊಲಿಗೆ ಅಡಗಿಕೊಳ್ಳುತ್ತದೆ. ಏನೂ ನುಡಿಸದೆ ಬರೀ ಮೌನ ತುಂಬಿಸಿಕೊಂಡರೂ ಗೊತ್ತಾಗದು, ಮೌನದಲ್ಲಿ ಒಂದು ತುಂಡು ತೆಗೆದು ಜೋಡಿಸಿದರೆ ಉಳಿಯುವುದೂ ಮೌನವೇ. ಎಡೆಬಿಡದೆ ಒಂದೇ ಸಮನೆ ನುಡಿಯುವ ಸದ್ದು ಬೇಕಿತ್ತು. ಮನೆಯಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಇತ್ತು. ಬೆಳಿಗ್ಗೆ ಅದನ್ನೇ ಸಿಕ್ಕಿಸಿ, ಗಡಿಯಾರ ನೋಡಿಕೊಂಡು ಸರಿಯಾಗಿ ಹತ್ತು ನಿಮಿಷ ತುಂಬಿಸಿದೆ. ಫೈಲಿನ ಉದ್ದ 9 ನಿಮಿಷ 56 ಸೆಕೆಂಡ್. ಚಟ್ ಎಂದ ಜಾಗವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದರೆ, ಸಮವಾಗಿ ಏರುತ್ತಿದ್ದ ಅಲೆ ತುದಿ ಮುಟ್ಟುವ ಮೊದಲೇ ಕಡಿದು, ಮರುಗಳಿಗೆ ತಗ್ಗಿನಲ್ಲಿತ್ತು.

ನಮ್ಮ ಗುಡ್ಡದ ದಂಬೆ ನೀರು ನೆನಪಿಸಿಕೊಳ್ಳಿ. ನೀರು ನಿಲ್ಲುವುದಿಲ್ಲ, ಒಂದು ಕೊಡ ತುಂಬಿದ ಕೂಡಲೇ ಇನ್ನೊಂದು ಇಡಬೇಕು. ತುಂಬಿದ್ದನ್ನು ಹಂಡೆಗೆ ಸುರಿದು ಬರುವುದು ತಡವಾದರೆ ನೀರು ಅಂಗಳದ ಪಾಲು. ಸೌಂಡ್ ಕಾರ್ಡು ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆದು ಬಫರೆಂಬ ಕೊಡ ತುಂಬುತ್ತದೆ. 512 ಅಳತೆ ಹಿಡಿಯುವ ಕೊಡವಾದರೆ ತುಂಬಲು ಸುಮಾರು 11.6 ಮಿಲಿಸೆಕೆಂಡ್ ಸಾಕು. ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಅಂದರೆ ಒಂದು ಕೊಡ ಚೆಲ್ಲಿದರೆ ಭಾಗವತರ ಟೇಪಿನಲ್ಲಿ ಅರ್ಧ ಮಿಲಿಮೀಟರ್ ಕತ್ತರಿಸಿ ಎಸೆದ ಹಾಗೆ. ಹಾಗೆ ನೂರಾರು ಸಲ ಎಸೆದಿದ್ದೆ.

ಕೊಡ ಹೊರಬೇಕಾದ ಪ್ರೊಸೆಸರನ್ನು ಬೇರೆಲ್ಲೋ ಯಾರು ಹಿಡಿದಿಟ್ಟುಕೊಂಡಿದ್ದರು? ಶ್ರುತಿ ನುಡಿಯುತ್ತಿರುವಾಗ ಕಂಪ್ಯೂಟರಿನ ಮುಂಭಾಗವನ್ನೇ ನೋಡುತ್ತ ಕೂತೆ. ಹಾರ್ಡ್ ಡಿಸ್ಕಿನ ಕೆಂಪು ದೀಪ ಮಿನುಗಿದಾಗಲೆಲ್ಲ ಚಟ್. ವಿಂಡೋಸ್ ಎಕ್ಸ್‌ಪಿಯ ಡಿವೈಸ್ ಮ್ಯಾನೇಜರಿನಲ್ಲಿ ಡಿಸ್ಕಿನ ಚಾನೆಲ್ ತೆರೆದರೆ 'ಪಿಐಓ' ಎಂದಿತ್ತು. ಇರಬೇಕಾದದ್ದು 'ಡಿಎಂಎ'.

ಇದನ್ನು ನಾನು ಬಹಳ ಹೊತ್ತು ನಂಬಲಿಲ್ಲ. ಸದ್ದಿನ ಭಾರ ಸೆಕೆಂಡಿಗೆ 176 ಕಿಲೋಬೈಟ್ ಅಷ್ಟೆ. ಪಿಐಓ ಎಷ್ಟೇ ನಿಧಾನವೆಂದರೂ ಡಿಸ್ಕಿಗೆ ಅದು ಲೆಕ್ಕಕ್ಕೇ ಇಲ್ಲ. ಆಮೇಲೆ ಹೊಳೆಯಿತು, ಪ್ರಶ್ನೆ ಡಿಸ್ಕಿನ ವೇಗದ್ದಲ್ಲ. ಡಿಎಂಎ ಆದರೆ ಡಿಸ್ಕಿನ ಕಡೆಯವರೇ ಬಂದು ಮಾಲನ್ನು ನೇರ ಮೆಮೊರಿಯಿಂದ ಒಯ್ಯುತ್ತಾರೆ. ಪಿಐಓದಲ್ಲಿ ಪ್ರೊಸೆಸರೇ ಒಂದೊಂದು ಹಿಡಿಯನ್ನೂ ಕೈಯಾರೆ ಎತ್ತಿ ಕೊಡಬೇಕು. ಅಲ್ಲಿ ಕೈ ಸಿಕ್ಕಿಕೊಂಡಿರುವಾಗ ಇಲ್ಲಿ ಕೊಡ ತುಂಬಿ ಚೆಲ್ಲುತ್ತದೆ.

ಡಿಎಂಎಯಿಂದ ಪಿಐಓಗೆ ಇಳಿದದ್ದೂ ಸುಮ್ಮನಲ್ಲ. ಡಿಸ್ಕಿನ ಜೊತೆಗಿನ ವ್ಯವಹಾರದಲ್ಲಿ ತಪ್ಪುಗಳು ಒಟ್ಟು ಆರಾದರೆ ಎಕ್ಸ್‌ಪಿ ವೇಗ ಇಳಿಸುತ್ತ ಬಂದು, ಕೊನೆಗೆ ಪಿಐಓಗೆ ಮುಟ್ಟುತ್ತದೆ. ಬರೆದದ್ದು ಕೆಡದಿರಲಿ ಎಂಬ ಎಚ್ಚರಿಕೆ ಅದು, ತಪ್ಪೆನ್ನಲಾರೆ. ಆ ಚಾನೆಲ್ಲನ್ನು ಅಳಿಸಿ ಕಂಪ್ಯೂಟರು ಮತ್ತೆ ಹಚ್ಚಿದೆ. ಡಿಎಂಎ ಬಂತು, ಚಟ್ ಮಾಯವಾಯಿತು. ಮೂರನೇ ದಿನ ಎರಡೂ ಮೊದಲಿನ ಹಾಗೇ ಆದವು.

ಆಗ ಮುಚ್ಚಳ ಬಿಚ್ಚಿದೆ. ಮದರ್‌ಬೋರ್ಡಿನಿಂದ ಡಿಸ್ಕಿಗೆ ಹೋಗುವ ಎಂಬತ್ತು ಎಳೆಯ ಪಟ್ಟಿ ಕೇಬಲ್ಲು ಮಡಚಿಕೊಂಡು ತಗಡಿನ ಅಂಚಿಗೆ ಸಿಕ್ಕಿತ್ತು. ಮಡಿಕೆಯಲ್ಲಿ ಸಿಪ್ಪೆ ಸುಲಿದು ತಾಮ್ರ ಕಾಣುತ್ತಿತ್ತು. ಹೊಸ ಕೇಬಲ್ಲು ಹಾಕಿ, ಚಾನೆಲ್ಲನ್ನು ಇನ್ನೊಮ್ಮೆ ಅಳಿಸಿ, ಶ್ರುತಿಪೆಟ್ಟಿಗೆಯನ್ನು ಮತ್ತೆ ಹತ್ತು ನಿಮಿಷ ನುಡಿಸಿದೆ. ಹತ್ತೂ ನಿಮಿಷ ಸಿಕ್ಕಿತು. ಐದು ದಿನ ಕಾದೆ. ದಿನಾ ಹತ್ತಕ್ಕೆ ಹತ್ತು. ಆಮೇಲೆಯೇ ಟೇಪು ಮುಟ್ಟಿದ್ದು.

ಅಪ್ಪಯ್ಯ ಎರಡೂ ಮಗ್ಗುಲನ್ನು ಎದ್ದೇಳದೆ ಕೇಳಿದರು. ಮೊದಲ ಮಗ್ಗುಲಿನ ಕೊನೆಯಲ್ಲಿ ಪದ ಅರ್ಧಕ್ಕೇ ನಿಂತಾಗ ನಾನು ಗಾಬರಿಯಾದೆ. ಅವರು ಕೈಸನ್ನೆಯಲ್ಲೇ ಸಮಾಧಾನ ಹೇಳಿದರು. "ಅದು ನಿನ್ನ ಕಂಪ್ಯೂಟರಿನದಲ್ಲ. ಅವತ್ತು ನಾನು ಕ್ಯಾಸೆಟ್ಟು ತಿರುಗಿಸಿ ಹಾಕೋವಾಗ ಎರಡು ಸಾಲು ಹೋಯ್ತು." ಎಲ್ಲ ಮುಗಿದ ಮೇಲೆ ಆ ಎರಡು ಸಾಲನ್ನು ಮೆಲ್ಲಗೆ ಗುನುಗಿದರು, ಭಾಗವತರ ಶೈಲಿಯಲ್ಲೇ.

ನಾನು ಟೇಪಿನ ವಯರು ಕಿತ್ತು ಮೈಕು ಸಿಕ್ಕಿಸಿದೆ. ಶ್ರುತಿಪೆಟ್ಟಿಗೆ ಮೇಜಿನ ಮೇಲೇ ಇತ್ತು.