ಇಳಿಜಾರಿಗೊಂದು ಬ್ರೇಕು

ಪಿಕಪ್ ಟ್ರಕ್ಕಿಗೆ ಹೊಸ ಬ್ರೇಕ್ ಪ್ಯಾಡ್ ಕೊಳ್ಳೋದು ಚಪ್ಪಲಿ ಕೊಂಡಷ್ಟೇ ಸುಲಭ ಅನ್ನಿಸುತ್ತೆ. ಅಳತೆ ಸರಿಯಿದ್ರೆ ಮುಗೀತು. ಆದ್ರೆ ಆ ಟ್ರಕ್ಕಿನ ಹಿಂದೆ ಕ್ಯಾಂಪರ್ ಕಟ್ಟಿಕೊಂಡು, ಹೆಂಡತಿ ಮಗಳನ್ನು ಕೂರಿಸಿಕೊಂಡು ಡೆನ್ವರಿನಿಂದ ರಾಕಿ ಬೆಟ್ಟಗಳಿಗೆ ಹೊರಡುವ ನನ್ನಂಥವನಿಗೆ ಲೆಕ್ಕ ಬೇರೆಯೇ.

ನಮ್ಮ ಟ್ರಕ್ಕು, ಕ್ಯಾಂಪರ್ ಎರಡೂ ಸೇರಿ ಸುಮಾರು 4,000 ಕಿಲೋ. ಐ-70 ಹೆದ್ದಾರಿಯಲ್ಲಿ ಐಸೆನ್‌ಹೋವರ್ ಸುರಂಗ ದಾಟಿ ಸಿಲ್ವರ್‌ಥಾರ್ನ್ ಊರು ಮುಟ್ಟುವಷ್ಟರಲ್ಲಿ 700 ಮೀಟರಿಗೂ ಹೆಚ್ಚು ಇಳಿದಿರ್ತೀವಿ. ಬ್ರೇಕ್ ಸೋತ ಲಾರಿಗಳು ನುಗ್ಗಿ ನಿಲ್ಲಲಿ ಅಂತ ಆ ದಾರಿಯ ಪಕ್ಕದಲ್ಲಿ ಜಲ್ಲಿ ಸುರಿದ ಏರುಹಾದಿಗಳನ್ನೇ ಮಾಡಿಟ್ಟಿದ್ದಾರೆ. ಅಷ್ಟೆತ್ತರದಿಂದ ಇಳಿದ ಭಾರದ ಶಕ್ತಿ ಎಲ್ಲಿಗಾದ್ರೂ ಹೋಗ್ಬೇಕಲ್ಲ? ಲೆಕ್ಕ ಹಾಕಿ ನೋಡಿದೆ. ಸುಮಾರು 80 ಲೀಟರ್ ತಣ್ಣೀರು ಕುದಿಸುವಷ್ಟು ಶಾಖ. ಅಂದ್ರೆ ಒಂದು ದೊಡ್ಡ ಹಂಡೆ ಸ್ನಾನದ ನೀರು! ಒಂದಿಷ್ಟು ಗಾಳಿಯ ಪಾಲು, ಒಂದಿಷ್ಟು ಎಂಜಿನ್ನಿನ ಪಾಲು, ಮಿಕ್ಕಿದ್ದು ಬ್ರೇಕಿನ ತಲೆಗೆ.

ಅಂಗಡಿಯವನು ಎರಡು ಬಗೆ ಮುಂದಿಟ್ಟ. ಸೆರಾಮಿಕ್ ಆದ್ರೆ ಸದ್ದಿಲ್ಲ, ಚಕ್ರಕ್ಕೆ ಕಪ್ಪು ಪುಡಿ ಮೆತ್ತೋದೂ ಕಮ್ಮಿ. ಸೆಮಿ-ಮೆಟಾಲಿಕ್‌ನಲ್ಲಿ ಲೋಹದ ಅಂಶ ಜಾಸ್ತಿ. ಚಳಿಯಲ್ಲಿ ಕಿರುಗುಟ್ಟುತ್ತೆ, ಪುಡಿ ಉದುರಿಸುತ್ತೆ, ಡಿಸ್ಕನ್ನೂ ತುಸು ಬೇಗ ಸವೆಸುತ್ತೆ. ಆದ್ರೆ ಭಾರ ಎಳೆಯುವಾಗ ಏಳುವ ಬಿಸಿಯನ್ನು ಸಾಮಾನ್ಯವಾಗಿ ಇದೇ ಚೆನ್ನಾಗಿ ತಾಳುತ್ತೆ.

“ರೀ, ಸದ್ದಿಲ್ಲದ್ದೇ ತಗೊಳ್ಳಿ. ದಿನಾ ಆಫೀಸಿಗೆ ಹೋಗೋದೂ ಇದ್ರಲ್ಲೇ ತಾನೆ?” ಅಂದಳು ಹೆಂಡತಿ. ಮಾತು ನಿಜವೇ. ವರ್ಷದಲ್ಲಿ ನಾವು ಕ್ಯಾಂಪರ್ ಎಳೆಯೋದು ಹೆಚ್ಚೆಂದರೆ 20 ದಿನ.

ಆದ್ರೆ ಅಮೆರಿಕದಲ್ಲಿ ಮಾರುವ ಪ್ಯಾಡುಗಳ ಅಂಚಿನಲ್ಲಿ ಒಂದು ಸಂಕೇತ ಇರುತ್ತೆ, ಅದರಲ್ಲಿ ಹಿಡಿತ ಸೂಚಿಸುವ ಎರಡು ಅಕ್ಷರ ನೋಡಿ. ಮೊದಲನೆಯದು ಸಾಧಾರಣ ಬಿಸಿಯಲ್ಲಿ ಪ್ಯಾಡಿನ ಹಿಡಿತ ಎಷ್ಟು ಅಂತ ಹೇಳುತ್ತೆ, ಎರಡನೆಯದು ಚೆನ್ನಾಗಿ ಕಾದಾಗ ಎಷ್ಟು ಅಂತ. ‘ಇ’ ಅಂದ್ರೆ ಘರ್ಷಣಾಂಕ 0.25ರಿಂದ 0.35, ‘ಎಫ್’ ಅಂದ್ರೆ 0.35ರಿಂದ 0.45. ‘ಎಫ್‌ಇ’ ಅಂತಿದ್ರೆ ಊರೊಳಗೆ ಗಟ್ಟಿ, ಕಾದಮೇಲೆ ಸಡಿಲ. ನಾನು ‘ಎಫ್‌ಎಫ್’ ಇದ್ದ ಸೆಮಿ-ಮೆಟಾಲಿಕ್ ತಗೊಂಡೆ. ಕ್ಯಾಂಪರಿಗೆ ಅದರದ್ದೇ ಬ್ರೇಕಿದೆ, ಅದನ್ನೂ ಪರೀಕ್ಷೆ ಮಾಡಿಸಿದೆ.

ಹಾಗಂತ ಎಲ್ಲಾ ಭಾರ ಪ್ಯಾಡಿನ ಮೇಲೆ ಹೊರಿಸೋದಲ್ಲ. ನಮ್ಮ ಸೋದರಮಾವ ಶಿರಾಡಿ ಘಾಟಿಯಲ್ಲಿ ಲಾರಿ ಓಡಿಸ್ತಿದ್ರು. “ಹತ್ತಿದ ಗೇರಲ್ಲೇ ಇಳೀಬೇಕು ಕಣೋ. ಬ್ರೇಕಿರೋದು ನಿಲ್ಲಿಸೋಕೆ, ಇಳಿಸೋಕಲ್ಲ” ಅಂತಿದ್ರು. ರಾಕಿ ಬೆಟ್ಟಕ್ಕೂ ಅದೇ ನಿಯಮ. ಗೇರು ಇಳಿಸಿ, ಎಂಜಿನ್ನಿಗೆ ಭಾರ ಬಿಟ್ಟು, ಬ್ರೇಕನ್ನು ಬೇಕಾದಾಗ ಮಾತ್ರ ಒತ್ತಿ, ಪೂರ್ತಿ ಬಿಡಬೇಕು.

ಈಗ ಚಳಿಗಾಲದ ಬೆಳಿಗ್ಗೆ ಗ್ಯಾರೇಜಿನಿಂದ ಹೊರಡುವಾಗ ಬ್ರೇಕು ಕೀಚ್ ಅನ್ನುತ್ತೆ, ಹೆಂಡತಿ ನನ್ನ ಮುಖ ನೋಡ್ತಾಳೆ. 345 ದಿನ ಆ ಸದ್ದು ಕೇಳೋಕೆ ನಾನು ರೆಡಿ. ಮಿಕ್ಕ 20 ದಿನ ಇಳಿಜಾರಿನುದ್ದಕ್ಕೂ ಹಿಂದಿನ ಸೀಟಿನಲ್ಲಿ ಮಗಳು ನಿದ್ದೆ ಮಾಡ್ತಿರ್ತಾಳೆ.