ಮೈಲಾರನ ಬಿಲ್ಲೆ

ನಮ್ಮ ಬಿನ್ನಿಪೇಟೆ ಮನೆಯ ದೇವರ ಗೂಡಿನಲ್ಲಿದ್ದ ಮೈಲಾರಲಿಂಗನ ಬೆನ್ನಿಗೆ ಒಬ್ಬ ಗಡ್ಡದ ಸಾಹೇಬ ಅಂಟಿಕೊಂಡಿದ್ದ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಆದರೆ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಹಳೇ ರೂಪಾಯಿಗಿಂತ ತುಸು ದೊಡ್ಡದಾದ, ಕಂದು ಬಣ್ಣದ ಒಂದು ಬಿಲ್ಲೆ ಅದು. ಒಂದು ಮಗ್ಗುಲಲ್ಲಿ ಕುದುರೆಯ ಮೇಲೆ ಕೂತ ಗಂಡಸು, ಕೈಯಲ್ಲಿ ಕತ್ತಿ, ಕುದುರೆ ಕಾಲಡಿ ಒಂದು ತಲೆಬುರುಡೆ. ಕುದುರೆ, ಕತ್ತಿ, ಕಾಲಡಿ ರಾಕ್ಷಸನ ತಲೆ, ಇಷ್ಟು ಸಿಕ್ಕ ಮೇಲೆ ಅಜ್ಜಿಗೆ ಇನ್ನೇನು ಸಾಕ್ಷಿ ಬೇಕು? ಮಣಿಕಾಸುರನನ್ನು ತುಳಿದ ಮೈಲಾರನೇ ಸೈ ಎಂದು ಗೂಡಿನಲ್ಲಿಟ್ಟು, ಹಳದಿ ದಾರ ಕಟ್ಟಿ, ಭಂಡಾರ ಹಚ್ಚಿದಳು. ಸವಾರನ ಮೈಮೇಲೆ ಬಟ್ಟೆ ಇಲ್ಲದ್ದನ್ನು ಮಾತ್ರ ಆ ಭಂಡಾರವೇ ಮುಚ್ಚುತ್ತಿತ್ತು. ಸಾಹೇಬನ ಮುಖ ಸದಾ ಗೋಡೆಗೆ.

ಅದು ಮುತ್ತಾತನಿಗೆ ಯುದ್ಧದಿಂದ ಬಂದದ್ದು. ಮನೆಯಲ್ಲಿ ಅವನ ಹೆಸರೇ ‘ಹೈಫಾ ತಾತ’. 1918ರ ಸೆಪ್ಟೆಂಬರ್ 23ರಂದು ಮೈಸೂರು, ಜೋಧಪುರದ ಲ್ಯಾನ್ಸರುಗಳು ಕುದುರೆ ಹತ್ತಿ, ಭರ್ಜಿ ಹಿಡಿದು, ಫಿರಂಗಿಗಳಿಗೆ ಎದೆಕೊಟ್ಟು ಹೈಫಾ ಊರನ್ನು ಗೆದ್ದದ್ದು ಚರಿತ್ರೆ. ಅವರಲ್ಲಿ ಎಲ್ಲರಿಗಿಂತ ಮುಂದಿದ್ದವನು ನಮ್ಮ ಮುತ್ತಾತ ಎನ್ನುವುದು ಚಿಕ್ಕಪ್ಪ. ಪ್ರತಿ ಮದುವೆಯಲ್ಲೂ ಎರಡನೇ ಸಲ ಅನ್ನ ಬಡಿಸುವ ಹೊತ್ತಿಗೆ ಮುತ್ತಾತ ಕುದುರೆ ಹತ್ತುತ್ತಿದ್ದ. ಮಜ್ಜಿಗೆ ಬರುವಷ್ಟರಲ್ಲಿ ಹೈಫಾ ಬಿದ್ದಿರುತ್ತಿತ್ತು.

ಈ ಭರ್ಜರಿ ವಂಶಾವಳಿಗೆ ಕಲ್ಲು ಹಾಕಿದ್ದು ರೊಮೇನಿಯಾ ದೇಶ. ಅದಕ್ಕೂ ನಮಗೂ ಎತ್ತಣಿಂದೆತ್ತ ಸಂಬಂಧ ಎಂದು ನೀವು ಕೇಳಬಹುದು. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ಎಲ್ಲಕ್ಕೂ ಎಲ್ಲದರ ಸಂಬಂಧ ಇದೆ. ಅಲ್ಲಿ ನಲ್ಲಿ ತಿರುಪುಗಳ ರಾಶಿಯಲ್ಲಿ ನನಗೊಂದು ಕೆಂಪು ಮೀನಾಕಾರಿಯ ಶಿಲುಬೆ ಕಂಡಿತು. “ಟಿಪ್ಪು ಕಾಲದ್ದು ಸಾರ್, ಅರಮನೆ ಮಾಲು” ಎಂದ ವ್ಯಾಪಾರಿ. ಎರಡು ಸಾವಿರ ಹೇಳಿದ್ದನ್ನು ನಾನೂರಕ್ಕೆ ಇಳಿಸಿ, ಗೆದ್ದೆನೆಂದು ಮನೆಗೆ ತಂದೆ. ಹೆಂಡತಿ ತಿರುಗಿಸಿ ನೋಡಿ, “ಟಿಪ್ಪು ಸತ್ತಿದ್ದು 1799ರಲ್ಲಿ. ಇದರ ಮೇಲೆ 1881 ಅಂತಿದೆ. ಅವನ ತಿಥಿಗೆ ಮಾಡಿಸಿದ್ರಾ?” ಎಂದಳು.

ಆ ಅವಮಾನದಿಂದಲೇ ನನ್ನ ವಿದ್ಯಾಭ್ಯಾಸ ಶುರುವಾಯಿತು. ಪುಸ್ತಕ ತಿರುವಿ, ನಾಣ್ಯ ಸಂಗ್ರಹಿಸುವವರ ಕಾಲು ಹಿಡಿದು ಕೊನೆಗೆ ತಿಳಿದುಕೊಂಡೆ. ಅದು ‘ರೊಮೇನಿಯಾದ ಕಿರೀಟ’ ಎಂಬ ಅರಸೊತ್ತಿಗೆಯ ಪದಕ. ಮಧ್ಯದ ಕಿರೀಟಕ್ಕೂ ಒಂದು ಕತೆ. 1877ರ ಪ್ಲೆವ್ನಾ ಕಾಳಗದಲ್ಲಿ ತುರ್ಕರಿಂದ ಕಿತ್ತುಕೊಂಡ ತೋಪಿನ ಉಕ್ಕಿನಿಂದ ಒಂದನೇ ಕರೋಲ್ ದೊರೆ ತನ್ನ ಕಿರೀಟ ಮಾಡಿಸಿದ. ಚಿನ್ನ ಬೇಡವೆಂದ ರಾಜ! ಗುಜರಿಯಲ್ಲಿ ಕಿರೀಟ ಕಂಡ ಅವನ ಮೇಲೆ, ಗುಜರಿಯಲ್ಲೇ ಆ ಕಿರೀಟವನ್ನು ಕೊಂಡ ನನಗೆ ಒಂಥರಾ ಬಂಧುತ್ವ ಹುಟ್ಟಿತು. ಸುತ್ತ ‘ಪ್ರಿನ್ ನೋಯ್ ಇನ್ಶಿನೆ’, ಅಂದರೆ ನಮ್ಮಿಂದ ನಾವೇ, ಎಂಬ ಬರಹ.

ಕಾಲ ಗುರುತಿಸುವ ಮೊದಲ ಪಾಠವನ್ನು ಕಲಿಸಿದ್ದೂ ಅದೇ. ಪದಕದ ಮೇಲಿನ ಇಸವಿ ಪದಕದ ವಯಸ್ಸಲ್ಲ. 1881 ಆ ದೇಶ ರಾಜ್ಯವೆಂದು ಸಾರಿಕೊಂಡ ವರ್ಷ. ಅದೇ ಇಸವಿ ಹೊತ್ತು ಆಮೇಲೆಯೂ ಎಷ್ಟೋ ಪದಕಗಳು ಹುಟ್ಟಿದವು. ವಯಸ್ಸು ತಿಳಿಯಲು ಶಿಲುಬೆಯ ಸಂದಿಗಳನ್ನು ನೋಡಬೇಕು. ಅಲ್ಲಿ ಬೆನ್ನಿಗೆ ಬೆನ್ನು ಹಚ್ಚಿದ ಜೋಡಿ ‘ಸಿ’ ಅಕ್ಷರ, ಕರೋಲನ ಮುದ್ರೆ, ಇದ್ದರೆ ಹಳೆಯ ಮಾದರಿ. 1932ರಲ್ಲಿ ವಿನ್ಯಾಸ ಬದಲಾಯಿತು. 1947ರ ಡಿಸೆಂಬರ್ 30ರಂದು ಕೊನೆಯ ದೊರೆ ಮಿಹಾಯ್ ಸಿಂಹಾಸನ ಬಿಟ್ಟ ಮೇಲೆ ಅರಸರ ಆಳ್ವಿಕೆಯೂ ಮುಗಿಯಿತು, ಆ ದೇಶ ಈ ಪದಕ ಕೊಡುವುದೂ ನಿಂತಿತು. ನಮ್ಮಲ್ಲಿ ಬ್ರಿಟಿಷರು ಗಂಟುಮೂಟೆ ಕಟ್ಟಿದ್ದೂ ಅದೇ ವರ್ಷ.

ಹೊಸದಾಗಿ ಕಣಿ ಕಲಿತವನಿಗೆ ಕಂಡವರ ಕೈಯೆಲ್ಲ ಬೇಕು. ನನ್ನ ಕಣ್ಣು ದೇವರ ಗೂಡಿನತ್ತ ಹೋಯಿತು. ಅಜ್ಜಿ ಹೋಗಿ ಆಗಲೇ ಬಹಳ ವರ್ಷ. “ಮುಟ್ಟಬೇಡ್ವೋ ಮೈಲಿಗೆ ಕೈಲಿ” ಎನ್ನುವವರು ಇರಲಿಲ್ಲ. ಸ್ನಾನ ಮಾಡಿಯೇ ಮುಟ್ಟಿದೆ.

ಗಡ್ಡದ ಸಾಹೇಬ ಐದನೇ ಜಾರ್ಜ್. ತಲೆಯ ಮೇಲೆ ಕಿರೀಟವಿಲ್ಲ, ಸುತ್ತ ಲ್ಯಾಟಿನ್ನಿನಲ್ಲಿ ಬಿರುದು, ಕೊನೆಯಲ್ಲಿ ‘ಇಂಡ್ ಇಂಪ್’, ಅಂದರೆ ಇಂಡಿಯಾದ ಚಕ್ರವರ್ತಿ. ಮೈಲಾರ ಎಂದುಕೊಂಡದ್ದು ಅವರ ಸಂತ ಜಾರ್ಜ್. ಕುದುರೆ ತುಳಿಯುತ್ತಿರುವುದು ಶತ್ರುಗಳ ಗರುಡ ಲಾಂಛನದ ಗುರಾಣಿಯನ್ನು. ಮಗ್ಗುಲಲ್ಲಿ 1914, 1918. ಮೊದಲ ಮಹಾಯುದ್ಧದ ಬ್ರಿಟಿಷ್ ಪದಕ. ಅದನ್ನು ಸ್ಥಾಪಿಸಿದ್ದು ಯುದ್ಧ ಮುಗಿದ ಮೇಲೆ, 1919ರಲ್ಲಿ. ಇಲ್ಲಿಯವರೆಗೆ ಹೈಫಾ ತಾತನಿಗೆ ಏನೂ ಧಕ್ಕೆ ಇರಲಿಲ್ಲ.

ಧಕ್ಕೆ ಬಂದದ್ದು ಲೋಹದಿಂದ. ಈ ಪದಕ ಸಾಮಾನ್ಯವಾಗಿ ಬೆಳ್ಳಿಯದು. ಸುಮಾರು 65 ಲಕ್ಷ ಬೆಳ್ಳಿ ಪದಕ ಹಂಚಿದರು. ಕುದುರೆ ಹತ್ತಿದವನಿಗೂ ಬಂದೂಕು ಹಿಡಿದವನಿಗೂ ಬೆಳ್ಳಿ. ಇದೇ ಅಚ್ಚಿನಲ್ಲಿ ಕಂಚಿನವೂ ಉಂಟು, ಸುಮಾರು 1,10,000 ಮಾತ್ರ. ಅವು ಹೋದದ್ದು ಚೀನಾ, ಮಾಲ್ಟಾ, ಇಂಡಿಯಾಗಳಿಂದ ಹೋದ ಕೂಲಿ ಪಡೆಗಳವರಿಗೆ. ಹಡಗಿನಿಂದ ಮೂಟೆ ಇಳಿಸಿದವರಿಗೆ, ರಸ್ತೆ ಹಾಕಿದವರಿಗೆ, ಕಂದಕ ತೋಡಿದವರಿಗೆ. ನಮ್ಮ ಮೈಲಾರ ಅಪ್ಪಟ ಕಂಚು.

ಇನ್ನು ಉಳಿದದ್ದು ಅಂಚು. ಎಲ್ಲ ಪದಕಗಳ ಮುಖವೂ ಒಂದೇ. ಇದು ಇಂಥವನದು ಎಂದು ಹೇಳುವುದು ಅಂಚು. ಅಲ್ಲಿ ನಂಬರು, ಹೆಸರು, ಪಡೆ ಎಲ್ಲವನ್ನೂ ಅಚ್ಚೊತ್ತಿರುತ್ತಾರೆ. ಭೂತಗನ್ನಡಿ ಹಿಡಿದು ನೋಡಿದರೆ ನುಣ್ಣಗೆ ಹೊಳೆಯುತ್ತಿತ್ತು. ಅಜ್ಜಿ ಪ್ರತಿ ಹಬ್ಬಕ್ಕೂ ಹುಣಸೆಹಣ್ಣು, ಬೂದಿ ಹಾಕಿ, ತೆಂಗಿನನಾರಿನಲ್ಲಿ ಉಜ್ಜಿದ ಹೊಳಪು ಅದು. ಐವತ್ತು ವರ್ಷದ ಭಕ್ತಿ ಮುತ್ತಾತನ ಹೆಸರನ್ನು ಪೂರ್ತಿ ತಿಂದುಹಾಕಿತ್ತು. ಒಂದು ಕಡೆ ಮಾತ್ರ ನಾಲ್ಕು ಇಂಗ್ಲಿಷ್ ಅಕ್ಷರ ಉಳಿದಿದ್ದವು: ಎಲ್, ಎ, ಬಿ, ಒ. ಲೇಬರ್ ಎಂದು ಓದಿಕೊಳ್ಳಲು ಮಿಕ್ಕ ಅಕ್ಷರಗಳು ಬೇಕಿರಲಿಲ್ಲ. ಲ್ಯಾನ್ಸರ್ ಆಗಲಿ ಎಂದು ನಾಲ್ಕು ಸಲ ಕನ್ನಡಿ ಒರೆಸಿಕೊಂಡು ನೋಡಿದೆ. ‘ಬಿ’ ಹಟಮಾರಿ, ‘ಎನ್’ ಆಗಲಿಲ್ಲ.

ಚಿಕ್ಕಪ್ಪನಿಗೆ ಈಗ ಎಂಬತ್ತು ದಾಟಿದೆ. ಹೇಳಬಾರದಿತ್ತೋ ಏನೋ. ಆದರೆ ಕಲಿತ ವಿದ್ಯೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಹೋಗಿ ಹೇಳಿಬಿಟ್ಟೆ. ಅವರು ಬಿಲ್ಲೆಯನ್ನು ಅಂಗೈಯಲ್ಲಿ ತೂಗಿ ನೋಡಿ ಸುಮ್ಮನೆ ಕೂತರು. ಅವರ ಮನೆಯ ಕಿಟಕಿಯಿಂದ, 1884ರಲ್ಲಿ ಶುರುವಾಗಿ ನಮ್ಮ ಪೇಟೆಗೆ ತನ್ನ ಹೆಸರನ್ನೇ ಕೊಟ್ಟ ಬಿನ್ನಿ ಮಿಲ್ಲಿನ ಜಾಗ ಕಾಣುತ್ತದೆ. ಈಗ ಅಲ್ಲಿ ಎತ್ತರದ ಅಪಾರ್ಟ್‌ಮೆಂಟುಗಳು. ಸೈರನ್ ಕೂಗಿದರೆ ಇಡೀ ಬೀದಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಕಾಲದಲ್ಲಿ ಚಿಕ್ಕಪ್ಪ ಅಲ್ಲಿ ಮೂವತ್ತು ವರ್ಷ ಕಂಬಳಿ ಮಗ್ಗದ ಮುಂದೆ ನಿಂತಿದ್ದವರು.

“ಹಂಗಾದ್ರೆ ಅಲ್ಲಿಗೆ ಹೋಗಿನೂ ಕೂಲಿನೇ ಮಾಡಿದ್ನಾ ನಮ್ಮ ತಾತ?” ಎಂದರು.

“ಹೂಂ ಚಿಕ್ಕಪ್ಪ.”

“ಕೂಲಿ ಮಾಡಿದ್ದಕ್ಕೆ ಪದಕ ಕೊಟ್ರಾ?”

“ಕಂಚಿಂದು.”

“ಕಂಚಾದ್ರೇನೋ? ಮೂವತ್ತು ವರ್ಷಕ್ಕೆ ನಂಗೆ ತಗಡಿಂದೂ ಯಾರೂ ಕೊಡ್ಲಿಲ್ಲ” ಎಂದು ಜೋರಾಗಿ ನಕ್ಕು, ಕಣ್ಣೊರೆಸಿಕೊಂಡರು. ಆಮೇಲೆ ಬಿಲ್ಲೆಯನ್ನು ತಿರುಗಿಸಿ, ಬೆರಳ ತುದಿಯಿಂದ ಆ ನಾಲ್ಕು ಅಕ್ಷರಗಳನ್ನು ಸವರಿ, “ಇದನ್ನ ಇನ್ಮೇಲೆ ಉಜ್ಜಬೇಡಿ ಅಂತ ಹೆಂಗಸರಿಗೆ ಹೇಳು” ಎಂದರು.

ಕಳೆದ ತಿಂಗಳ ಮದುವೆಯಲ್ಲಿ ಪಂಕ್ತಿಗೆ ಕೂತಾಗ ನನಗೆ ಎದೆ ಡವಗುಟ್ಟುತ್ತಿತ್ತು. ಎರಡನೇ ಸಲ ಅನ್ನ ಬಂತು. ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡರು. ಮುತ್ತಾತ ಈ ಸಲ ಕುದುರೆ ಹತ್ತಲಿಲ್ಲ, ಹಡಗಿನಿಂದ ಮೂಟೆ ಇಳಿಸಿದ. ಒಂದೊಂದು ಮೂಟೆಯೂ ಎರಡಾಳಿನ ಭಾರ, ಎಲ್ಲರಿಗಿಂತ ಮುಂದೆ ಅವನೇ.

ರೊಮೇನಿಯಾದ ಕಿರೀಟ ಈಗ ನನ್ನ ಮೇಜಿನ ಡ್ರಾಯರಿನಲ್ಲಿದೆ. ಕಂಚಿನ ಬಿಲ್ಲೆ ಮತ್ತೆ ಗೂಡು ಸೇರಿ, ಭಂಡಾರ ಹಚ್ಚಿಸಿಕೊಂಡು ಕೂತಿದೆ. ಅದನ್ನು ಒಣಬಟ್ಟೆಯಲ್ಲಿ ಒರೆಸುತ್ತೇವೆ, ಅಷ್ಟೇ. ನಿಮ್ಮ ಮನೆಯ ಟ್ರಂಕಿನಲ್ಲೋ ದೇವರ ಗೂಡಿನಲ್ಲೋ ಇಂಥದ್ದೊಂದು ಬಿಲ್ಲೆ ಇದ್ದರೆ, ಹುಣಸೆಹಣ್ಣು ನೆನೆಹಾಕುವ ಮುಂಚೆ ಒಮ್ಮೆ ಅದರ ಅಂಚು ಓದಿಕೊಳ್ಳಿ.