ಹೆಗ್ಗನಹಳ್ಳಿಯಲ್ಲಿ ಎಂಟರ ಪಾಠ

ಮಾಗಡಿ ರಸ್ತೆ ಹಿಡಿದು ಊರಾಚೆ ಹೊರಟರೆ ಕಾಮಾಕ್ಷಿಪಾಳ್ಯ ದಾಟಿದ ಮೇಲೆ ಸುಂಕದಕಟ್ಟೆ ಸಿಗುತ್ತದೆ. ಅಲ್ಲಿಂದ ಬಲಕ್ಕೆ ಒಳಹೊಕ್ಕರೆ ಹೆಗ್ಗನಹಳ್ಳಿ. ಹೆಸರಿನಲ್ಲಿ ಹಳ್ಳಿ ಉಳಿದಿದೆ, ನೆಲದ ಮೇಲೆ ಉಳಿದಿಲ್ಲ. ಇಪ್ಪತ್ತು–ಮೂವತ್ತರ ನಿವೇಶನಗಳಲ್ಲಿ ಮೂರು ಅಂತಸ್ತಿನ ಮನೆಗಳು, ಕೆಳಗೆ ಲೇತ್ ಮೆಷಿನ್ನಿನ ಸದ್ದು, ಮೇಲೆ ಬಾಡಿಗೆದಾರರ ಬಟ್ಟೆ ಒಣಗುವ ಹಗ್ಗ. 1970ರ ದಶಕದಲ್ಲಿ ಉತ್ತರಕ್ಕೆ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯತೊಡಗಿದ ಮೇಲೆ ಸುತ್ತಲಿನ ಹಳ್ಳಿಗಳೆಲ್ಲ ಕಾರ್ಮಿಕರ ಬಿಡಾರಗಳಾದವು. ಮಾಗಡಿ, ತುಮಕೂರು, ಹಾಸನ, ಮಂಡ್ಯದ ಕಡೆಯಿಂದ ಬಂದವರು ಇಲ್ಲೇ ನೆಲೆ ನಿಂತರು. ಆಮೇಲೆ ಉತ್ತರ ಕರ್ನಾಟಕದವರೂ ಬಂದರು.

ಇಂಥ ಬಡಾವಣೆಯಲ್ಲಿ ಪ್ರತಿ ಮನೆಯ ಬಾಗಿಲಲ್ಲೂ ಒಂದು ದ್ವಿಚಕ್ರ ವಾಹನ ನಿಂತಿರುವುದನ್ನು ಕಾಣಬಹುದು. ಅದು ಶೋಕಿಯ ವಸ್ತುವಲ್ಲ. ತುಮಕೂರು ರಸ್ತೆಯ ಮೇಲೆ ಪೀಣ್ಯದವರೆಗೆ ಮೆಟ್ರೋ 2014ರಲ್ಲೇ ಬಂತು, ನಿಜ. ಆದರೆ ಆ ಹಳಿ ಇರುವುದು ಕೈಗಾರಿಕಾ ಪ್ರದೇಶದ ಆಚೆ ಅಂಚಿನಲ್ಲಿ; ಹೆಗ್ಗನಹಳ್ಳಿ ಇರುವುದು ಈಚೆಗೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ಸು ಉಚಿತವಾಯಿತು. ಅದೂ ನಿಜವೇ. ಆದರೆ ಬಸ್ಸು ಹೊತ್ತಿಗೆ ಸರಿಯಾಗಿ ಬರಬೇಕು, ಬಂದದ್ದರಲ್ಲಿ ಕಾಲಿಡಲು ಜಾಗ ಇರಬೇಕು, ಇಳಿದ ಮೇಲೆ ಫ್ಯಾಕ್ಟರಿ ಗೇಟಿನವರೆಗೆ ನಡೆಯಬೇಕು. ರಾತ್ರಿ ಪಾಳಿ ಮುಗಿಸಿದವರ ಪಾಡಂತೂ ಹೇಳುವಂತಿಲ್ಲ. ಹೀಗಾಗಿ ಗಂಡಸರಷ್ಟೇ ಅಲ್ಲ, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳೂ ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರ್ ಕೊಳ್ಳುವ ಲೆಕ್ಕ ಹಾಕುತ್ತಾರೆ. ಚೀಟಿ ಎತ್ತಿದ ದುಡ್ಡು ಅದಕ್ಕೇ ಹೋಗುತ್ತದೆ.

<b>ಭಾನುವಾರದ ಶಾಲೆ</b>

ಗಾಡಿ ಕೊಂಡರೆ ಸಾಲದು, ಕಲಿಯಬೇಕು. ಹೆಗ್ಗನಹಳ್ಳಿಯ ಅಡ್ಡರಸ್ತೆಗಳಲ್ಲಿ ಅದು ಆಗದ ಕೆಲಸ. ಒಂದು ಕಡೆ ನೀರಿನ ಟ್ಯಾಂಕರ್, ಇನ್ನೊಂದು ಕಡೆ ತರಕಾರಿ ಗಾಡಿ, ನಡುವೆ ಗೋಲಿಯಾಡುವ ಮಕ್ಕಳು. ಆದ್ದರಿಂದ ಕಲಿಯುವವರ ಶಾಲೆ ಭಾನುವಾರ ಬೆಳಗಿನ ಪೀಣ್ಯ. ವಾರವೆಲ್ಲ ಲಾರಿಗಳಿಂದ ಕಿಕ್ಕಿರಿದ ಫ್ಯಾಕ್ಟರಿ ರಸ್ತೆಗಳು ಆ ಹೊತ್ತಿಗೆ ಎಷ್ಟೋ ಖಾಲಿ. ಹಿಂದೆ ತಮ್ಮನೋ ಗಂಡನೋ ಕೂತಿರುತ್ತಾನೆ. ‘ಅಕ್ಕಾ, ಕಾಲು ಕೆಳಗಿಡಬೇಡ! ಮುಂದೆ ನೋಡು, ಚಕ್ರ ನೋಡಬೇಡ!’ ಎಂಬ ಕೂಗು ಕೇಳಿಸುತ್ತದೆ. ಅಕ್ಕ ಎರಡೂ ಬ್ರೇಕನ್ನು ಒಟ್ಟಿಗೆ ಅದುಮಿದರೆ ತಮ್ಮನ ಹಣೆ ಅವಳ ಬೆನ್ನಿಗೆ!

ಒಂದು ತಲೆಮಾರಿನ ಹಿಂದೆ ಗಾಡಿ ಸಿಗುವುದೇ ಕಷ್ಟವಿತ್ತು. 1972ರಲ್ಲಿ ಬಂದ ಬಜಾಜ್ ಚೇತಕ್‌ಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದರು. ಮೈಸೂರಿನಲ್ಲೇ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳ ಕಿಕ್ಕರ್ ಒದೆಯಲು ಬಲ ಬೇಕಿತ್ತು. 1980ರಲ್ಲಿ ಹೊಸೂರಿನಿಂದ ಹೊರಬಂದ ಟಿ.ವಿ.ಎಸ್. 50 ಹಾಲಿನವರಿಗೂ ಸೊಪ್ಪಿನವರಿಗೂ ಎಟುಕಿತು. 1984ರ ಕೈನೆಟಿಕ್ ಹೋಂಡಾ ಗೇರ್ ಬದಲಿಸುವ ಕಷ್ಟವನ್ನೇ ತೆಗೆದುಹಾಕಿತು. 2001ರ ಆಕ್ಟಿವಾ ಆ ದಾರಿಯನ್ನು ಹೆದ್ದಾರಿ ಮಾಡಿತು. ಸೀರೆ ಉಟ್ಟವರೂ ಚೂಡಿದಾರ್ ತೊಟ್ಟವರೂ ಸಲೀಸಾಗಿ ಕೂರುವಂಥ ಗಾಡಿ ಸಿಕ್ಕ ಮೇಲೆ ಕಲಿಯುವವರ ಸಾಲೂ ಬೆಳೆಯಿತು. ಇಂದು ಬೆಂಗಳೂರಿನ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಅದರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ದ್ವಿಚಕ್ರವೇ.

<b>ಮೊದಲು ಎಲ್.ಎಲ್.</b>

ಕಾನೂನು ಕಟ್ಟುನಿಟ್ಟು. 1989ರ ಜುಲೈ 1ರಿಂದ ಜಾರಿಗೆ ಬಂದ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ರಸ್ತೆಗೆ ಗಾಡಿ ಇಳಿಸುವಂತಿಲ್ಲ. ಕಲಿಯುವುದಕ್ಕೂ ಮೊದಲು ಕಲಿಕಾ ಲೈಸೆನ್ಸ್, ಅಂದರೆ ಎಲ್ಲರ ಬಾಯಲ್ಲಿ ಎಲ್.ಎಲ್., ಬೇಕು. ಪೀಣ್ಯದ ಭಾನುವಾರದ ಶಾಲೆಗೆ ಬರುವವರಲ್ಲಿ ಎಷ್ಟು ಜನರ ಬಳಿ ಅದು ಇರುತ್ತದೋ ಶಿವನೇ ಬಲ್ಲ.

ವಯಸ್ಸು 18 ತುಂಬಿರಬೇಕು. 50 ಸಿ.ಸಿ. ಮೀರದ ಗಾಡಿಗೆ 16 ಸಾಕು, ಹೆತ್ತವರ ಒಪ್ಪಿಗೆ ಇದ್ದರೆ. ಆದರೆ ಈಗ ಬೀದಿಯಲ್ಲಿ ಓಡುವ ಸ್ಕೂಟರ್‌ಗಳೆಲ್ಲ ನೂರು ಸಿ.ಸಿ.ಯ ಆಚೆಗಿನವು, ಆದ್ದರಿಂದ ಆ ರಿಯಾಯಿತಿ ಪುಸ್ತಕದಲ್ಲೇ ಉಳಿದಿದೆ. ಗಂಟೆಗೆ 25 ಕಿಲೋಮೀಟರ್ ಒಳಗೆ ಓಡುವ, 250 ವ್ಯಾಟ್ ಒಳಗಿನ ಮೋಟಾರಿನ ಪುಟ್ಟ ವಿದ್ಯುತ್ ಗಾಡಿಗೆ ಮಾತ್ರ ಲೈಸೆನ್ಸಿನ ಗೊಡವೆ ಇಲ್ಲ.

ಅರ್ಜಿ ಹಾಕುವುದು ಸಾರಥಿ ಜಾಲತಾಣದಲ್ಲಿ. ಸಂಚಾರ ಚಿಹ್ನೆ, ನಿಯಮಗಳ ಮೇಲೆ ಪ್ರಶ್ನೆಗಳು. ಶೇಕಡಾ 60 ಉತ್ತರ ಸರಿಯಿದ್ದರೆ ಪಾಸು. ಆಧಾರ್ ಇದ್ದವರು ಮನೆಯಿಂದಲೇ ಈ ಪರೀಕ್ಷೆ ಬರೆಯುವ ವ್ಯವಸ್ಥೆಯೂ ಬಂದಿದೆ. ಹೆಗ್ಗನಹಳ್ಳಿಯಂಥ ಕಡೆ ತೊಡಕು ಬರುವುದು ಪ್ರಶ್ನೆಗಳಲ್ಲಲ್ಲ, ವಿಳಾಸದಲ್ಲಿ. ಆಧಾರ್‌ನಲ್ಲಿ ಕುಣಿಗಲ್ಲಿನದೋ ಸಿಂಧನೂರಿನದೋ ಊರಿನ ವಿಳಾಸ. ಇರುವುದು ಇಲ್ಲಿನ ಬಾಡಿಗೆ ಮನೆ. ಕರಾರುಪತ್ರ ಕೊಡಲು ಮನೆಯೊಡೆಯರು ಮೀನಮೇಷ ಎಣಿಸುತ್ತಾರೆ. ಅದನ್ನು ಸರಿಪಡಿಸಿಕೊಳ್ಳುವಷ್ಟರಲ್ಲಿ ಎರಡು ದಿನದ ಕೂಲಿ ಹೋಗಿರುತ್ತದೆ.

ಎಲ್.ಎಲ್. ಆರು ತಿಂಗಳು ನಡೆಯುತ್ತದೆ. ಗಾಡಿಯ ಹಿಂದೆ ಮುಂದೆ 18 ಸೆಂಟಿಮೀಟರ್ ಚೌಕದ ಬಿಳಿ ಹಲಗೆಯಲ್ಲಿ ಕೆಂಪು ‘ಎಲ್’ ಇರಬೇಕು. ಹಿಂದೆ ಕೂರುವುದಾದರೆ ಲೈಸೆನ್ಸ್ ಇರುವ, ಕಲಿಸುವವರೇ ಕೂರಬೇಕು. ಗೆಳತಿಯನ್ನೋ ಮಗುವನ್ನೋ ಕೂರಿಸಿಕೊಳ್ಳುವಂತಿಲ್ಲ. 30 ದಿನ ಕಳೆದ ಮೇಲೆ ಚಾಲನಾ ಪರೀಕ್ಷೆ. 2016ರ ಡಿಸೆಂಬರ್‌ನಲ್ಲಿ ಪರಿಷ್ಕರಿಸಿದ ಕೇಂದ್ರದ ನಿಯಮಗಳಲ್ಲಿ ಕಲಿಕಾ ಲೈಸೆನ್ಸಿಗೆ 150, ಅದರ ಪರೀಕ್ಷೆಗೆ 50, ಚಾಲನಾ ಪರೀಕ್ಷೆಗೆ 300, ಲೈಸೆನ್ಸಿಗೆ 200 ರೂಪಾಯಿ ಎಂದು ಗೊತ್ತುಮಾಡಲಾಯಿತು. ಕೂಡಿದರೆ 700. ಆರ್.ಟಿ.ಓ. ಸುತ್ತಮುತ್ತ ಕೈ ಬೀಸಿ ಕರೆಯುವ ದಲ್ಲಾಳಿಗಳ ಲೆಕ್ಕ ಇದರ ಹಲವು ಪಟ್ಟು. ‘ನೀವು ಬರೀ ಫೋಟೋಗೆ ಬನ್ನಿ ಸಾಕು’ ಎನ್ನುವ ಅವರ ಮಾತಿಗೆ ರಜೆ ಸಿಗದ ಕಾರ್ಮಿಕ ಮರುಳಾಗುವುದು ಸಹಜ. ಆದರೆ ಗಾಡಿ ಬಿಡಲು ಬಾರದವರ ಕೈಗೆ ಕಾರ್ಡು ಬಂದರೆ ಅದು ಯಾರ ಪ್ರಾಣಕ್ಕೂ ಕಾವಲಲ್ಲ.

<b>ಎಂಟು ಹೊಡೆಯುವುದು</b>

ರಾಜಾಜಿನಗರದ ಕೆಎ-02, ಯಶವಂತಪುರದ ಕೆಎ-04, ಜ್ಞಾನಭಾರತಿಯ ಕೆಎ-41—ಈ ಮೂರೂ ಈ ಕಡೆಯವರಿಗೆ ಪರಿಚಿತ ಆರ್.ಟಿ.ಓ.ಗಳು. 2019ರ ತಿದ್ದುಪಡಿಯ ಬಳಿಕ ಕಾಯ್ದೆಯ ಪ್ರಕಾರ ತಾವಿರುವ ರಾಜ್ಯದ ಯಾವ ಲೈಸೆನ್ಸ್ ಪ್ರಾಧಿಕಾರಕ್ಕಾದರೂ ಅರ್ಜಿ ಹಾಕಬಹುದು. ಜ್ಞಾನಭಾರತಿಯಲ್ಲಿ ಸೆನ್ಸರ್, ಕ್ಯಾಮೆರಾ ಅಳವಡಿಸಿದ ಪರೀಕ್ಷಾ ಪಥವಿದೆ. ಹಿಂದೆ ಬ್ರೇಕ್ ಇನ್‌ಸ್ಪೆಕ್ಟರ್ ಮರದ ನೆರಳಲ್ಲಿ ನಿಂತು ‘ಹೋಗಿ ಬಾ’ ಎಂದರೆ ಮುಗಿಯುತ್ತಿತ್ತು ಎಂದು ಹಳಬರು ನೆನೆಯುತ್ತಾರೆ. ಯಂತ್ರಕ್ಕೆ ಮುಲಾಜಿಲ್ಲ.

ದ್ವಿಚಕ್ರದವರಿಗೆ ಗಂಡಾಂತರ ಆ ‘ಎಂಟು’. ಎಂಟರ ಆಕಾರದ ಕಿರಿದಾದ ದಾರಿಯಲ್ಲಿ ಕಾಲು ನೆಲಕ್ಕೆ ತಾಗದಂತೆ, ಗೆರೆ ದಾಟದಂತೆ ಬರಬೇಕು. ವೇಗದಲ್ಲಿ ಗಾಡಿ ತಾನಾಗಿ ನೆಟ್ಟಗೆ ನಿಲ್ಲುತ್ತದೆ. ನಿಧಾನದಲ್ಲಿ ಅದನ್ನು ನಿಲ್ಲಿಸಬೇಕಾದವನು ಸವಾರ. ಎಡಕ್ಕೆ ತಿರುಗಿದ್ದು ನಡುವಿನಲ್ಲಿ ಬಲಕ್ಕೆ ಹೊರಳುವಾಗ ದೇಹದ ತೂಕವೂ ಬದಲಾಗುತ್ತದೆ. ಅಲ್ಲೇ ಹೊಸಬರ ಕಾಲು ನೆಲ ಹುಡುಕುವುದು! ಗೇರ್ ಗಾಡಿಯಾದರೆ ಕ್ಲಚ್ಚನ್ನು ಅರ್ಧ ಹಿಡಿದು, ಹಿಂದಿನ ಬ್ರೇಕನ್ನು ಮೆಲ್ಲಗೆ ಒತ್ತಿ, ಕಣ್ಣು ಮುಂದಿನ ತಿರುವಿನ ಮೇಲಿಟ್ಟವರು ಪಾರಾಗುತ್ತಾರೆ. ಚಕ್ರವನ್ನೇ ನೋಡಿದವರು ಬೀಳುತ್ತಾರೆ. ಪೀಣ್ಯದ ರಸ್ತೆಯಲ್ಲಿ ತಮ್ಮ ಕೂಗಿ ಹೇಳಿದ್ದೂ ಅದನ್ನೇ. ಮೂರು ಸಲ ನಪಾಸಾದರೆ ಮತ್ತೆ 60 ದಿನ ಕಾಯಬೇಕು.

ಈ ಎಂಟು ಒಣ ಕಸರತ್ತೆಂದು ಮೂಗು ಮುರಿಯುವವರಿದ್ದಾರೆ. ಅವರು ಬೆಳಿಗ್ಗೆ ಎಂಟೂವರೆಗೆ ಹೆಗ್ಗನಹಳ್ಳಿ ಕ್ರಾಸಿನಲ್ಲಿ ನಿಂತು ನೋಡಲಿ. ಟೆಂಪೋ, ಬಸ್ಸು, ಶಾಲೆಯ ಆಟೋ, ಅಗೆದು ಮುಚ್ಚಿದ ಗುಂಡಿ—ಇವುಗಳ ನಡುವೆ ಬೇಕಾಗುವುದು ನಿಧಾನದ ಸಮತೋಲನವೇ.

<b>ಕಾರ್ಡಿಗೇಕೆ ಇಷ್ಟು ಬೆಲೆ?</b>

ಪೊಲೀಸರ ಭಯಕ್ಕೆ ಲೈಸೆನ್ಸ್ ಎಂದುಕೊಂಡವರೇ ಹೆಚ್ಚು. 2019ರ ತಿದ್ದುಪಡಿ ಲೈಸೆನ್ಸ್ ಇಲ್ಲದ ಚಾಲನೆಯ ದಂಡವನ್ನು ಕಾಯ್ದೆಯಲ್ಲಿ 500ರಿಂದ 5,000 ರೂಪಾಯಿಗೆ ಏರಿಸಿತು. ಅದೇ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಹಲವು ದಂಡಗಳನ್ನು ಇಳಿಸಿತು. ಆದರೆ ನಿಜವಾದ ಪೆಟ್ಟು ಬೀಳುವುದು ಅಪಘಾತವಾದಾಗ. ಗಾಡಿಯ ಮಾಲೀಕನೇ ಸವಾರನಾಗಿದ್ದರೆ ಅವನ ಹೆಸರಿಗಿರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಲೈಸೆನ್ಸ್ ಇದ್ದವರಿಗೆ ಮಾತ್ರ. ಇಲ್ಲದವನು ತೀರಿಕೊಂಡರೆ ಹೆಂಡತಿ ಮಕ್ಕಳ ಕೈಗೆ ಬರಿಗೈ. ಬೇರೆಯವರಿಗೆ ಗುದ್ದಿದರೋ, 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೋರಿದ ದಾರಿಯಂತೆ ವಿಮಾ ಕಂಪನಿ ನೊಂದವರಿಗೆ ಪರಿಹಾರ ಕೊಟ್ಟು, ತಪ್ಪು ಮಾಲೀಕನದಾಗಿದ್ದರೆ ಅವನಿಂದ ವಸೂಲು ಮಾಡಬಹುದು. ಆಗ ಊರಿನ ಜಮೀನಿಗೇ ಕುತ್ತು!

ಹದಿನಾರರ ಹುಡುಗನ ಕೈಗೆ ‘ಹಾಲು ತಗೊಂಡು ಬಾ’ ಎಂದು ಕೀ ಕೊಡುವ ಅಪ್ಪಂದಿರಿಗೂ ಒಂದು ಮಾತು. ಅಪ್ರಾಪ್ತ ವಯಸ್ಕರ ಚಾಲನೆಗೆ ಕಾಯ್ದೆ ಹೊಣೆ ಹೊರಿಸುವುದು ಪೋಷಕರ ಅಥವಾ ಮಾಲೀಕರ ಮೇಲೆ. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ತುಂಬುವವರೆಗೆ ಎಲ್.ಎಲ್. ಕೂಡ ಇಲ್ಲ. ಪಾಳಿ ಕೆಲಸ ಹುಡುಕಬೇಕಾದ, ಡೆಲಿವರಿಗೆ ಹೋಗಬೇಕಾದ ಏಳು ವರ್ಷ ಹಾಗೇ ಕೈಬಿಟ್ಟಂತೆ.

ಪಾಸಾದವರ ಕಾರ್ಡು ಅಂಚೆಯಲ್ಲಿ ಬರುತ್ತದೆ. ಒಂದೇ ಸಂಖ್ಯೆಯ ಅಡ್ಡರಸ್ತೆಗಳು ನಾಲ್ಕಾರು ಇರುವ ಕಡೆ ಅಂಚೆಯವನಿಗೆ ಮನೆ ಹುಡುಕುವುದೂ ಒಂದು ಎಂಟು ಹೊಡೆದಂತೆಯೇ. 30 ವರ್ಷದೊಳಗೆ ಲೈಸೆನ್ಸ್ ಪಡೆದವರಿಗೆ ಅದು 40 ತುಂಬುವವರೆಗೆ ನಡೆಯುತ್ತದೆ. ಹೊಸಹಳ್ಳಿಯಿಂದ ಕಡಬಗೆರೆಗೆ ಮಾಗಡಿ ರಸ್ತೆಯ ಮೇಲೆ ಮೆಟ್ರೋ ಹಾಕುವ ಮೂರನೇ ಹಂತಕ್ಕೆ ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಆ ರೈಲು ಸುಂಕದಕಟ್ಟೆಗೆ ಬಂದ ದಿನವೂ ಹೆಗ್ಗನಹಳ್ಳಿಯ ಒಳಗಿನ ಅಡ್ಡರಸ್ತೆಯಿಂದ ಸ್ಟೇಷನ್ನಿಗೆ ಹೋಗಲು ಗಾಡಿ ಬೇಕೇ ಬೇಕು. ಇಂದು ಇಪ್ಪತ್ತೊಂದರ ಹುಡುಗಿಯ ಕೈಗೆ ಬಂದ ಕಾರ್ಡಿನಲ್ಲಿ ಇನ್ನೂ ಹತ್ತೊಂಬತ್ತು ವರ್ಷವಿದೆ.